ಜೋಡಿ ಕೂಡದ ಎಕ್ಸಲ್ಲು

ಕೆಸರಿನಲ್ಲಿ ಓಡುವ ಲಾರಿಯೊಂದನ್ನು ಕಟ್ಟಿಸುತ್ತೇನೆಂದು ನಾನು ಹೊರಟಾಗ ನನ್ನ ಅರ್ಹತೆ ಇಷ್ಟೇ: ಗಂಗಾವತಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಎದುರು ಮಾತಾಡಿದರೆ ಅಂಕ ಹೋಗುತ್ತದೆಂದು ಹೆದರುವ ಮಕ್ಕಳ ನಡುವೆ ಹತ್ತು ವರ್ಷ ಕಳೆದವನಿಗೆ ತನಗೆ ಎಲ್ಲ ಗೊತ್ತು ಅನ್ನಿಸುವುದು ಸಹಜ.

ಕಾರಣ ನನ್ನ ಅಕ್ಕ. ಕಾರಟಗಿ ಕಡೆ ಅವಳ ಗದ್ದೆ ಕಾಲುವೆಯ ಕೆಳಗೆ, ತಗ್ಗಿನಲ್ಲಿದೆ. ಕೊಯ್ಲಿನ ಹೊತ್ತಿಗೂ ಅಲ್ಲಿ ಮೊಣಕಾಲುದ್ದ ಕೆಸರು. ಹಿಂದಿನ ವರ್ಷ ನೆಲ್ಲಿನ ಚೀಲ ಎತ್ತಲು ಸೋಮವಾರ ಗೆಳೆಯನ ಟ್ರ್ಯಾಕ್ಟರ್ ಕಳಿಸುತ್ತೇನೆಂದು ಹೇಳಿ ನಾನು ಗುರುವಾರ ಮಾಡಿದೆ. ಬುಧವಾರ ಮಳೆ ಬಂತು. ನೆಲ್ಲು ಚೀಲದೊಳಗೇ ಮೊಳೆಯಿತು. ಅಕ್ಕ ಬೈಯಲಿಲ್ಲ. ಅದನ್ನೇ ಒಣಗಿಸಿ, ಅಕ್ಕಿ ಮಾಡಿಸಿ, ನನ್ನನ್ನು ಕರೆದು ಅನ್ನ ಬಡಿಸಿದಳು. ಮುಗ್ಗಲು ವಾಸನೆ. "ಉಣ್ಣೋ ತಮ್ಮಾ" ಅಂದಳು. ಆ ತುತ್ತು ಇಳಿಸುವಾಗ ಆದಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ಇನ್ನೊಮ್ಮೆ ಅವಳ ಬೆಳೆ ಕೆಸರಿನಲ್ಲಿ ಕೂರಬಾರದು ಎಂದು ಅಲ್ಲೇ ನಿಶ್ಚಯಿಸಿದೆ.

ಹಳೇ ಲಾರಿಯ ಚಾಸಿ ಸಿಕ್ಕಿತು. ಎಕ್ಸಲ್ ಆರಿಸಲು ಗುಜರಿ ಅಂಗಡಿಗೆ ಹೋದಾಗ ಮಾವನೂ ಜೊತೆಗೆ ಬಂದರು. ನನ್ನ ಹೆಂಡತಿಯ ತಂದೆ, ಯಲಬುರ್ಗಾ ಕಡೆಯ ಎರೆಹೊಲದ ಒಕ್ಕಲಿಗರು. ಎತ್ತಿಗೆ ಜೋಡಿ ಹುಡುಕುವುದರಲ್ಲಿ ಅವರ ಕಣ್ಣು ಎಷ್ಟು ಚುರುಕೆಂದರೆ ಕುಷ್ಟಗಿಯಿಂದಲೂ ಜನ ಕರೆಯಲು ಬರುತ್ತಿದ್ದರು. ಕಬ್ಬಿಣ ಆರಿಸುವಲ್ಲಿ ಎತ್ತಿನ ಪಂಡಿತರಿಗೇನು ಕೆಲಸ ಎಂದು ನಾನು ಒಳಗೊಳಗೇ ನಕ್ಕೆ.

ನನಗೆ ಬೇಕಿದ್ದದ್ದು ಪ್ಲಾನೆಟರಿ ಎಕ್ಸಲ್. ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನೊಳಗೇ ಒಂದು ಗಿಯರಿನ ಸುತ್ತ ಸಣ್ಣ ಗಿಯರುಗಳು ತಿರುಗುತ್ತವೆ. ಚಕ್ರ ನಿಧಾನವಾಗುತ್ತದೆ, ಎಳೆಯುವ ಬಲ ಹೆಚ್ಚುತ್ತದೆ. ಇದನ್ನು ಸೂರ್ಯ, ಗ್ರಹ ಎಂದೆಲ್ಲ ಗುಜರಿಯವನಿಗೆ ಪಾಠ ಮಾಡಿದೆ. ಅವನು ಭಕ್ತಿಯಿಂದ ಕೇಳಿ ಅಂಗಡಿಯಲ್ಲೇ ಅತಿ ಭಾರದ ಎರಡನ್ನು ತೋರಿಸಿದ. ಮುಂದಕ್ಕೆ ಹಳೇ ಕ್ರೇನಿನದು, ಹಿಂದಕ್ಕೆ ಅದಿರು ಹೊರುತ್ತಿದ್ದ ಟಿಪ್ಪರಿನದು.

ಮಾವ ಎರಡರ ಹಬ್ಬಿಗೂ ಒಂದೊಂದು ಬಟ್ಟೆಚೂರು ಕಟ್ಟಿ, ಎಂಜಿನ್ನಿನ ಕಡೆಯ ಶಾಫ್ಟ್ ತಿರುವಿಸಿ, ಚೂರು ಒಮ್ಮೆ ಸುತ್ತಿ ಬರಲು ಎಷ್ಟು ಸುತ್ತು ಬೇಕೆಂದು ಎಣಿಸಿದರು.

"ಅಳಿಯಂದ್ರ, ಇವು ಜೋಡಿ ಕೂಡಂಗಿಲ್ರಿ. ಅದು ಹದಿನಾರು ಸುತ್ತಿಗೆ ಬರ್ತೈತಿ, ಇದಕ್ಕ ಹತ್ತೊಂಬತ್ತು ಬೇಕು. ಒಂದು ಮುಂದ ಎಳದ್ರ ಒಂದು ಹಿಂದ ಜಗ್ತೈತಿ."

"ಇವು ಎತ್ತಲ್ರೀ ಮಾವಾರ" ಅಂದೆ. ಗ್ರಹಗತಿಯನ್ನೇ ಬಲ್ಲವನಿಗೆ ಬಟ್ಟೆಚೂರಿನ ಲೆಕ್ಕ ಯಾಕೆ?

ಬೇಕಾದಾಗ ಮುಂದಿನ ಎಕ್ಸಲನ್ನು ಎಂಜಿನ್ನಿನಿಂದ ಬಿಡಿಸಲು ಲಿವರ್ ಇಡೋಣವೇ ಎಂದು ಗಾಡಿ ಕಟ್ಟುತ್ತಿದ್ದ ಮಿಸ್ತ್ರಿ ಕೇಳಿದ. ಕೆಸರಿನ ಲಾರಿಗೆ ಬಿಡುವು ಬೇಡ ಎಂದು ಅದನ್ನೂ ತಳ್ಳಿಹಾಕಿದೆ. ಪರೀಕ್ಷೆ ಮಾಡಿದ್ದು ಕೆರೆಯಂಗಳದ ಕೆಸರಿನಲ್ಲಿ. ಗಾಡಿ ಆನೆಯಂತೆ ನಡೆಯಿತು. ಕಾಗದಪತ್ರ ಇಲ್ಲದ್ದರಿಂದ ಅದನ್ನು ಟ್ರೇಲರಿನ ಮೇಲೆ ಹೇರಿ ಅಕ್ಕನ ಗದ್ದೆಗೆ ಒಯ್ದೆವು, ಮದುಮಗನ ಹಾಗೆ.

ಆ ದಿನ ಮಧ್ಯಾಹ್ನ ಮೋಡ ಕಟ್ಟಿತ್ತು. ಗಾಡಿ ಕೆಸರಿಗಿಳಿದು, ಚೀಲ ಹೊತ್ತು, ಸಲೀಸಾಗಿ ಬದು ಹತ್ತಿ ಬಂತು. ನಾನು ಸ್ಟೇರಿಂಗ್ ಹಿಡಿದೇ, ಜೊತೆಗೆ ಬಂದಿದ್ದ ಮಾವನ ಕಡೆ ಎರಡು ಸಲ ನೋಡಿದೆ. ಕಾಲುವೆ ಪಕ್ಕದ ಗಟ್ಟಿ ರಸ್ತೆಯಲ್ಲಿ ಇಪ್ಪತ್ತು ಮಾರು ಹೋಗಿರಬೇಕು, ಲಾರಿ ನರಳಿ, ಬಿಗಿದು, ನಿಂತಿತು. ಕೆಸರಿನಲ್ಲಿ ಚಕ್ರ ಜಾರಿ ಎರಡು ಎಕ್ಸಲುಗಳ ಸುತ್ತಿನ ವ್ಯತ್ಯಾಸ ನುಂಗುತ್ತಿತ್ತು, ರಸ್ತೆಯ ಮೇಲೆ ಜಾರುವುದೆಲ್ಲಿಂದ? ಇದ್ದದ್ದೊಂದೇ ದಾರಿ. ಸುತ್ತಲಿನ ಗದ್ದೆಯವರ ಟ್ರ್ಯಾಕ್ಟರುಗಳೂ ನನ್ನ ಹಿಂದೆ ಸಾಲುಗಟ್ಟಿದವು. ಊರವರ ನೆಲ್ಲನ್ನೆಲ್ಲ ಒಟ್ಟಿಗೆ ಮೊಳೆಸುವ ಏರ್ಪಾಟು ಮಾಡಿದ್ದೆ.

ಅಕ್ಕ ಮೋಡ ನೋಡಿದಳು, ನನ್ನನ್ನು ನೋಡಲಿಲ್ಲ.

ಮಾವ ಧೋತರ ಎತ್ತಿ ಕಟ್ಟಿ ಬೋಲ್ಟು ಬಿಚ್ಚುವ ಪಾನಾ ಕೇಳಿದರು. "ಒಂದು ಗೇಣು ಹಿಂದಕ್ಕ ತಗೋರಿ. ನೊಗದ ಬಿಗಿ ಇಳೀಲಿ." ಹಿಂದಕ್ಕೆ ತೆಗೆದುಕೊಂಡು ಗಾಡಿ ಬಂದ್ ಮಾಡಿದೆ. ಅವರು ಲಾರಿಯ ಕೆಳಗೆ ತೂರಿ, ಮುಂದಿನ ಎಕ್ಸಲಿಗೆ ಬಲ ಒಯ್ಯುವ ಶಾಫ್ಟಿನ ನಾಲ್ಕು ಬೋಲ್ಟು ಬಿಚ್ಚಿ ಶಾಫ್ಟನ್ನೇ ಹೊರಗೆಳೆದರು. "ಕೂಡದ ಜೋಡ್ಯಾಗ ಒಂದನ್ನ ಬಿಚ್ಚಬೇಕ್ರಿ. ಈಗ ಹೊಡೀರಿ." ಲಾರಿ ಹಿಂದಿನ ಎರಡೇ ಚಕ್ರದ ಬಲದಲ್ಲಿ ಊರು ಸೇರಿತು. ನಂತರ ಮೊದಲ ಹನಿ ಬಿತ್ತು.

ಮಿಲ್ಲಿನಿಂದ ಹೊಸ ಅಕ್ಕಿ ಬಂದ ಮೇಲೆ ಅಕ್ಕ ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು. ಮಾವನ ತಾಟಿಗೆ ಬಿಸಿ ಅನ್ನ ಬಡಿಸಿ, "ಉಣ್ರಿ ಬೀಗರ, ನೀವು ಉಳಿಸಿದ ಅಕ್ಕಿ" ಅಂದಳು. ನಾನೂ ತಾಟು ಮುಂದೆ ಮಾಡಿದೆ.

"ತಡಿ ತಮ್ಮಾ. ನಿಂದು ಬ್ಯಾರೆ ಬೋಗಾಣ್ಯಾಗ ಐತಿ" ಅಂದಳು. "ಹ್ವಾದ ವರ್ಷದ್ದು ಇನ್ನೂ ಒಂದು ಚೀಲ ಉಳದೈತಿ."

ಮಾವ ತಲೆ ಎತ್ತದೆ ಉಂಡರು. ನಾನೂ ಉಂಡೆ, ಎರಡನೇ ಸಲ ಕೇಳಿ ಹಾಕಿಸಿಕೊಂಡೆ.