ಭಾವನ ಬಿಚ್ಚುವ ಕಾರು

ಹಳೆಯ ಸುಬಾರು ಕಾರು ಇಟ್ಟುಕೊಂಡವರ ನಮ್ಮ ಬಳಗದಲ್ಲಿ ನನ್ನ ಗಂಡನ ಅಣ್ಣ, ನಮ್ಮ ಭಾವನವರ ಕಾರೊಂದೇ ಇನ್ನೂ ರಸ್ತೆಗಿಳಿದಿಲ್ಲ. ಆರು ವರ್ಷದಿಂದ ಜೋಡಿಸುತ್ತಲೇ ಇದ್ದಾರೆ. ಅಷ್ಟರಲ್ಲಿ ಬಳಗದವರು ಯಾರಾದರೂ ಬಂದು, "ಅಣ್ಣಾ, ಈ ಪಾರ್ಟು ಎಲ್ಲೂ ಸಿಗ್ತಿಲ್ಲ" ಎಂದು ತಲೆ ಕೆರೆದುಕೊಂಡರೆ ಸಾಕು, ತಮ್ಮದರಿಂದಲೇ ಬಿಚ್ಚಿ ಕೊಡುತ್ತಾರೆ. "ಕೊನೆಗೆ ಹಾರನ್ ಒಂದೇ ಉಳಿಯುತ್ತೆ, ಊದ್ಕೊಂಡು ನಡೀರಿ" ಎಂದು ನನ್ನ ಓರಗಿತ್ತಿ ಗೊಣಗಿದರೆ, "ಹಾರನ್ ಹೋದ ತಿಂಗಳೇ ಕೊಟ್ಟೆ ಕಣೇ" ಎನ್ನುತ್ತಾರೆ. ಈ ಭಾನುವಾರ ಕಾರು ಕೊನೆಗೂ ಸಿದ್ಧವಾಗಿತ್ತು. ಆದರೆ ನನ್ನ ಸುಬಾರುವಿನ ಬ್ರೇಕು ಕಿರುಗುಟ್ಟಿದ್ದು ಅವರ ಕಿವಿಗೆ ಬಿತ್ತು. "ಮಗು ಕೂರೋ ಗಾಡಿ ಕಣಮ್ಮ ಇದು" ಎಂದವರೇ ತಮ್ಮ ಕಾರಿನ ಬ್ರೇಕು ಬಿಚ್ಚಿ ನನ್ನದಕ್ಕೆ ಕೂರಿಸಿದರು. ಆಮೇಲೆ ಪರೀಕ್ಷಿಸಲೆಂದು ಹಿಂದಿನ ಸೀಟಿನಲ್ಲಿ ನನ್ನ ಮಗಳ ಪಕ್ಕ ಕುಳಿತರು. ತಾವೇ ಕೈಯಾರೆ ಕೂರಿಸಿದ ಬ್ರೇಕಾದರೂ, ನಾನು ಕಾರು ನಿಲ್ಲಿಸಿದಾಗಲೆಲ್ಲ ಅವರ ಅಂಗೈ ಅವಳ ಎದೆಗೆ ಅಡ್ಡ ಬರುತ್ತಿತ್ತು.