ಕೋಟದ ಭವಾನಿ ಹಾರಿದ್ದೇ ಇಲ್ಲ

ಸುಬ್ರಾಯಾ, ಭವಾನಿ ಅಂತ ಯಾರೂ ಇಲ್ಲ.

ಕೋಟದಲ್ಲೂ ಇಲ್ಲ, ಆ ಹಿಮದ ಗುಡ್ಡೆಯಲ್ಲೂ ಇಲ್ಲ. ಅವಳನ್ನು ಹುಟ್ಟಿಸಿದ್ದು ನಾನು, ಹಾರಿಸಿದ್ದು ನಾನು. ಅವಳು ಸುಳ್ಳು ಅಂತ ನಿನಗೆ ಗೊತ್ತಾಗಬಾರದು ಅಂತ ಕಡೆಗೆ ನಿನ್ನ ಕಣ್ಣನ್ನು — ಇರು, ಅಲ್ಲಿಗೆ ಬರ್ತೇನೆ. ಇಷ್ಟು ದಿನ ತಪ್ಪಿಸಿಕೊಂಡವ ಇವತ್ತು ಬಂದೇ ಬರ್ತೇನೆ.

ಈಗ ನಿನ್ನ ಪ್ಲಾಸ್ಟಿಕ್ ಕುರ್ಚಿ ಎದುರು ಕೂತು ಹೇಳಿ ನೋಡ್ತಿದ್ದೇನೆ. ಕುರ್ಚಿ ಖಾಲಿ. ಟೀವಿಯಲ್ಲಿ ಹಿಮ ಬೀಳ್ತಾ ಉಂಟು, ಸೌಂಡ್ ಇಟ್ಟಿಲ್ಲ. ಮದ್ರಾಸಿನ ಈ ಪಲ್ಲಾವರದ ಬಿಸಿಲಿಗೆ ಗೋಡೆ ಮುಟ್ಲಿಕ್ಕೆ ಆಗುದಿಲ್ಲ, ಮೇಲೆ ವಿಮಾನ ಹೋಗುವಾಗ ಕಿಟಕಿ ಇನ್ನೂ ಗಡಗಡ ಅಂತದೆ. ನಾಲ್ಕು ಗಂಟೆಗೆ ನಿನ್ನ ಫೋನ್ ಬರ್ತದೆ. ದಿನಾ ಕೇಳುವುದನ್ನೇ ಕೇಳ್ತಿ — "ವಾಸೂ, ಭವಾನಿ ಹಾರಿದ್ಲಾ?"

ನನ್ನ ಗಂಟಲು ಎಂಥದ್ದು ಅಂತ ನಿನಗೆ ಬೇರೆ ಹೇಳ್ಬೇಕಾ? ಎಗ್ಮೋರಿನ ನಮ್ಮ ಹೋಟ್ಲಲ್ಲಿ ನಾನು ಆರ್ಡರ್ ಕೂಗಿದ್ರೆ ಸ್ಟೇಷನ್ನಿನ ಕೂಲಿಗಳು ರೈಲು ಬಂತು ಅಂತ ಎದ್ದು ನಿಲ್ತಿದ್ರು. ಜಂಬ ಅಲ್ಲ ಮಾರಾಯಾ, ಸತ್ಯ. ಸರಿ, ಸ್ವಲ್ಪ ಜಂಬ. ಗಿರಾಕಿಗಳು ಕೂರುವ ಹಾಲ್‌ನಲ್ಲಿ ನಾನು ಕೂಗುವುದು, ಕಿಂಡಿಯ ಆಚೆ ಕಾವಲಿ ಎದುರು ನೀನು ದೋಸೆ ಎರೆಯುವುದು. ನೀನು ಒಂದು ದಿನವಾದ್ರೂ ಹೊರಗೆ ಇಣುಕಿ ನೋಡಿದವನಾ? ಕಾವಲಿ ಬಿಟ್ಟು ಬಂದ್ರೆ ದೋಸೆ ಕರಟ್ತದೆ ಅಂತಿದ್ದಿ. ಹೊರಗೆ ಯಾರು ಕೂತಿದ್ದಾರೆ, ಏನು ಬೇಕಂತೆ, ತಿಂದು ಏನಂದ್ರು — ಎಲ್ಲ ನನ್ನ ಬಾಯಿಯಿಂದಲೇ ನಿನಗೆ ಗೊತ್ತಾಗ್ಬೇಕು. ನಾನು ಹೇಳಿದ ಹಾಲ್ ಯಾವುದೋ ಅದೇ ನಿನ್ನ ಹಾಲ್.

ನಾನು ಬಿಡುವ ಜನವಾ? ಒಂದು ದಿನ ಕೂಗಿದೆ — "ಕೋಡಂಬಾಕ್ಕದಿಂದ ಸಿನಿಮಾ ರಾಜ ಬಂದಿದ್ದಾನೆ, ವೇಷದಲ್ಲೇ ಬಂದಿದ್ದಾನೆ, ಕಿರೀಟ ಟೇಬಲ್ ಮೇಲೆ ಇಟ್ಟು ಕೂತಿದ್ದಾನೆ, ಒಂದು ತುಪ್ಪದ ದೋಸೆ, ಗರಿಗರಿ!" ನೀನು ಎರೆದ ಆ ದೋಸೆ! ಉಗ್ರಾಣದ ಹಿಂದೆ ನಿಂತು ನಾನೇ ತಿಂದೆ. ಆಮೇಲೆ ಕಿಂಡಿಯಲ್ಲಿ ನಿನ್ನ ಮುಖ, ಬೆವರು ಒರೆಸ್ತಾ — "ರಾಜ ಏನಂದ?"

"ಕಿರೀಟ ನಿನಗೇ ಕೊಡ್ಬೇಕಂತೆ, ತಲೆ ಅಳತೆ ಕೇಳಿದ" ಅಂದೆ.

ನೀನು ಸಂಜೆವರೆಗೆ ನಗ್ತಾ ಇದ್ದಿ. ತಮಾಷೆ ಗೊತ್ತಾಗಿ ಅಲ್ಲ. ರಾಜ ಹಾಗೆ ಅಂದ ಅಂತ.

ನಮ್ಮ ಹೋಟ್ಲಲ್ಲಿ ಒಂದು ರೀತಿ ಇತ್ತು, ನೆನಪುಂಟಾ? ಆರ್ಡರ್ ತಪ್ಪಿದ್ರೆ ಹಾಲ್‌ನಿಂದ ಕೂಗಿ ಕ್ಯಾನ್ಸಲ್ ಮಾಡುವ ಹಾಗಿಲ್ಲ. ಕೂಗಿದವನೇ ಬಂದು ಕಿಂಡಿಯೊಳಗೆ ತಲೆ ಹಾಕಿ ದೋಸೆಭಟ್ರ ಮುಖ ನೋಡಿ ಹೇಳ್ಬೇಕು — ನಾನು ತಪ್ಪಿ ಕೂಗಿದೆ ಅಂತ. ಯಾಕಂದ್ರೆ ದೋಸೆ ಆಗಲೇ ಕಾವಲಿ ಮೇಲೆ ಉಂಟು. ನಾನು ಒಂದು ಸಲವೂ ಕ್ಯಾನ್ಸಲ್ ಮಾಡಿದವನಲ್ಲ. ಊರಿಡೀ ಜಂಬ ಕೊಚ್ಚಿದ್ದೇನೆ. ತಪ್ಪಿ ಕೂಗಿದ್ದನ್ನು ಸದ್ದಿಲ್ಲದೆ ನಾನೇ ತಿಂತಿದ್ದೆ, ಅಷ್ಟೇ ಗುಟ್ಟು.

ಹೋಟ್ಲು ಮುಚ್ಚಿತು. ನನ್ನ ಹೆಂಡತಿ ತೀರಿಹೋದಳು. ಮದುವೆಯೇ ಆಗದ ನೀನು, ಹೆಂಡತಿ ಇಲ್ಲದ ನಾನು — ಬಾಡಿಗೆ ಅರ್ಧರ್ಧ ಅಂತ ಈ ಮನೆಗೆ ಬಂದೆವು. ಎಡಗಣ್ಣು ನಿನಗೆ ಮೊದಲೇ ಇರಲಿಲ್ಲ, ಕಾದ ಎಣ್ಣೆ ಹಾರಿ ಹೋದದ್ದು. ಬಲಗಣ್ಣಿಗೆ ಪೊರೆ ದಪ್ಪ ಬೆಳೆದಿತ್ತು. ಟೀವಿ ಹಾಕಿದ್ರೆ ನಿನಗೆ ಕಾಣುದು ಬರೀ ಬೆಳಕು.

ಒಂದು ಮಧ್ಯಾಹ್ನ ರಿಮೋಟಿನ ಬಟನ್ ಸತ್ತು ಟೀವಿ ಒಂದೇ ಚಾನಲಿನಲ್ಲಿ ನಿಂತಿತು. ಅಲ್ಲಿ ಯಾರೋ ಮಂಜುಗಡ್ಡೆ ಮೇಲೆ ಕಲ್ಲು ಜಾರಿಸ್ತಾರೆ, ಇಬ್ಬರು ಅದರ ಮುಂದೆ ಮುಂದೆ ಪೊರಕೆ ಹಿಡಿದು ಉಜ್ಜಿಕೊಂಡು ಓಡ್ತಾರೆ. "ಸುಬ್ರಾಯಾ, ನಮ್ಮ ಟೇಬಲ್ ಕ್ಲೀನರ್‌ಗಳಿಗೆ ಮೆಡಲ್ ಕೊಡ್ತಾರೆ ನೋಡು!" ಅಂದೆ. ನಗ್ಲಿಕ್ಕೆ ಶುರು ಮಾಡಿದ್ದು, ತಟ್ಟೆಯ ಊಟ ಆರಿದ್ರೂ ಏಳ್ಲಿಕ್ಕೆ ಆಗಲಿಲ್ಲ. ಮರುದಿನವೂ ಅದೇ. ಬೆವರು ಸುರಿಸ್ತಾ ಕೂತು ಹಿಮ ನೋಡುವ ಹುಚ್ಚು ಹತ್ತಿತು. ಜಾರುವವರು, ಬಂದೂಕು ಬೆನ್ನಿಗೆ ಕಟ್ಟಿ ಓಡುವವರು, ಮತ್ತೆ ಅವರು — ಗುಡ್ಡೆಯ ತುದಿಯಿಂದ ಜಾರಿ ಬಂದು ಕಾಲಿಗೆ ಕಟ್ಟಿದ ಹಲಗೆ ಸಮೇತ ಗಾಳಿಗೆ ಹಾರುವವರು. ಅದನ್ನು ನೋಡುವಾಗ ನನ್ನ ಎದೆ ನಿಲ್ತದೆ ಸುಬ್ರಾಯಾ. ಆ ಹೊತ್ತಿನಲ್ಲಿ ಅವರು ಎಲ್ಲಿಯವರೂ ಅಲ್ಲ. ನೆಲ ಬಿಟ್ಟಾಗಿದೆ, ನೆಲ ಇನ್ನೂ ಸಿಕ್ಕಿಲ್ಲ. ನನಗೂ ಆಗ ಹಾಗೇ...

ಟೀವಿಯವರ ಇಂಗ್ಲಿಷ್ ನನಗೂ ಅರ್ಥ ಆಗುದಿಲ್ಲ, ನಿನಗೂ ಇಲ್ಲ. ಹಾಗಾಗಿ ನಾನು ಕೂಗ್ತಿದ್ದೆ, ಹೋಟ್ಲಿನ ಹಾಲ್‌ನಲ್ಲಿ ಕೂಗಿದ ಹಾಗೆ. "ಕಾವಲಿ ಮೇಲೆ ಬೆಣ್ಣೆ ಜಾರಿದ ಹಾಗೆ ಬಂದ... ಬಂದ... ಎದ್ದ!" ನೀನು ಕುರ್ಚಿಯ ಕೈ ಹಿಡಿದು ಮುಂದೆ ಬಾಗ್ತಿದ್ದಿ. ಒಂದು ದಿನ ಮೆಲ್ಲ ಕೇಳಿದಿ — "ಅದ್ರಲ್ಲಿ ನಮ್ಮವರು ಯಾರೂ ಇಲ್ವಾ?"

ಇಲ್ಲ ಅಂದಿದ್ರೆ ಮುಗೀತಿತ್ತು. ನಿನ್ನ ಸ್ವರ ಹೇಗಿತ್ತು ಅಂದ್ರೆ... "ಯಾಕಿಲ್ಲ? ಒಬ್ಬಳು ಹುಡುಗಿ ಉಂಟು. ನಮ್ಮ ಊರ ಕಡೆಯವಳೇ, ಕೋಟದವಳಂತೆ. ಭವಾನಿ" ಅಂದುಬಿಟ್ಟೆ.

ನಾಲ್ಕು ದಿನದ ತಮಾಷೆ ಅಂತಲೇ ಶುರು ಮಾಡಿದ್ದು. ಐದನೇ ದಿನ ಹೇಳಿ ಇಬ್ಬರೂ ಹೊಟ್ಟೆ ಹಿಡಿದು ನಗುವ ಅಂತ. ಆದ್ರೆ ನೀನು ಅವಳು ಹಾರುವ ದಿನ ಬೇಗ ಮಿಂದು, ಒಗೆದ ಪಂಚೆ ಉಟ್ಟು ಕೂತಿರ್ತಿದ್ದಿ. ಯಾವಳೋ ದೂರದ ದೇಶದ ಹುಡುಗಿ ಹಾರುವಾಗ ನಾನು ಅವಳಿಗೆ ಭವಾನಿಯ ಹೆಸರಿಟ್ಟು ಕೂಗ್ತಿದ್ದೆ. ಒಂದು ದಿನ ಸುಮ್ಮನೆ ಅವಳನ್ನು ಬೀಳಿಸಿದೆ. ನೀನು ರಾತ್ರಿ ಊಟ ಮಾಡಲಿಲ್ಲ. "ಅವಳ ಅಮ್ಮ ಇದನ್ನೆಲ್ಲ ನೋಡ್ತಿರ್ತಾಳಾ ವಾಸೂ?" ಅಂದಿ. ಆಮೇಲೆ ನಾನು ಅವಳನ್ನು ಬೀಳಿಸಲೇ ಇಲ್ಲ.

ಶುಕ್ರವಾರದ ಸಂತೆಯಲ್ಲಿ ಹಳೆ ಬಟ್ಟೆಯ ರಾಶಿ ತಡಕಿ ತಡಕಿ ನೀನು ಒಂದು ಉಲ್ಲನ್ ಟೊಪ್ಪಿ ಹಿಡಿದಿ. ಮಾರುವವ ನಿನ್ನನ್ನು ನೋಡಿ ನಕ್ಕ — "ಎನ್ನ ಪೆರಿಯವರೇ, ಮದ್ರಾಸಿಲ್ ಕುಳಿರಾ?" ಅಂತ, ಮದ್ರಾಸಲ್ಲಿ ನಿಮಗೆ ಚಳಿಯಾ ಅಂತ. "ನನಗಲ್ಲಪ್ಪ, ನಮ್ಮ ಹುಡುಗಿಗೆ" ಅಂದಿ. ಬಣ್ಣ ಯಾವುದು ಅಂತ ನನ್ನನ್ನು ಕೇಳಿದಿ. ಕೆಂಪು ಅಂದೆ. ಕೋಟಕ್ಕೆ ಪೋಸ್ಟ್ ಮಾಡು ಅಂತ ನನ್ನ ಕೈಗೆ ಕೊಟ್ಟಿ. ಅದು ನನ್ನ ಟ್ರಂಕಿನಲ್ಲಿ ಉಂಟು. ಅದು ಕೆಂಪಲ್ಲ ಸುಬ್ರಾಯಾ, ಹಸಿರು. ಅದೊಂದು ಸುಳ್ಳು ಯಾಕೆ ಹೇಳಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಯಿ ರೂಢಿ.

ಇಲ್ಲಿವರೆಗಿನದ್ದು ತಮಾಷೆ ಅಂತ ಬೇಕಾದ್ರೆ ಅನ್ನು. ಇನ್ನು ಹೇಳುವುದು ತಮಾಷೆ ಅಲ್ಲ.

ನಿನ್ನ ತಂಗಿ ಮಗಳು ಸುಮತಿ ಬಂದಳು. ದೀಪಾವಳಿ ಕಳೆದ ಕೂಡಲೇ ಪೊರೆ ಆಪರೇಷನ್, ಎಲ್ಲ ಮಾತಾಡಿ ಆಗಿದೆ ಅಂದಳು. "ಆಮೇಲೆ ನಾನೇ ಭವಾನಿಯನ್ನು ನೋಡ್ಬಹುದು!" ಅಂತ ನೀನು ಕುಣಿದಿ. ನಿನಗೆ ಕಣ್ಣು ಬಂದ್ರೆ ಅವಳಿಲ್ಲ. ಅವಳಿಲ್ಲ ಅಂದ ಮೇಲೆ ನೀನು ನನ್ನ ಪಕ್ಕ ಯಾಕೆ ಕೂತ್ಕೊಳ್ಳುದು? ನನ್ನ ಮಾತು ಯಾರಿಗೆ ಬೇಕು? ಆ ಹೆದರಿಕೆಯಲ್ಲಿ ಅಂದೆ —

"ಭವಾನಿಯ ಫೈನಲ್ ಮುಗೀಲಿ ಮಾರಾಯಾ. ಕಣ್ಣಿಗೆ ಪಟ್ಟಿ ಕಟ್ಟಿದ್ರೆ ಟೀವಿ ಎದುರು ಕೂತ್ಕೊಳ್ಳಿಕ್ಕೆ ಬಿಡುದಿಲ್ಲ. ಅವಳು ಹಾರುವಾಗ ನೀನು ಇಲ್ದಿದ್ರೆ ಹೇಗೆ?"

ಅಷ್ಟೇ. ನೀನು ಹಟ ಹಿಡಿದಿ. ಸುಮತಿ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, "ಮಾಮಾ, ನೀಂಗ ಸೊನ್ನಾತ್ತಾನ್ ಕೇಪ್ಪಾರು. ನೀವು ಹೇಳಿದ್ರೆ ಮಾತ್ರ ಕೇಳುದು ಅವರು. ಪ್ಲೀಸ್" ಅಂದಳು. ಹೇಳ್ತೇನೆ ಮಗಾ ಅಂತ ಅವಳ ತಲೆ ಸವರಿದೆ. ಒಳಗೆ ಬಂದು ಇನ್ನೊಂದು ಕತೆ ಹೇಳಿದೆ — ನಮ್ಮ ಹಳೆ ಹೋಟ್ಲಿನ ಚಟ್ನಿ ರುಬ್ಬುವವ ಇದೇ ಆಪರೇಷನ್ನಿಗೆ ಹೋಗಿ ಪೂರ್ತಿ ಕುರುಡಾದ ಅಂತ. ಅವ ಆಪರೇಷನ್ನಿಗೆ ಹೋದವನೇ ಅಲ್ಲ. ಊರಿಗೆ ಹೋಗಿ ಆರಾಮಾಗಿದ್ದಾನೆ.

ಫೈನಲ್ ಮುಗಿಯಬಾರದು ಅಂತ ನಾನು ಅದನ್ನು ಮುಂದೆ ಹಾಕಿದೆ. ಗಾಳಿ ಜಾಸ್ತಿ ಅಂದೆ. ಹಿಮ ಕರಗಿದೆ ಅಂದೆ. ಒಂದು ಬೆಳಗ್ಗೆ ನೀನು ತಲೆ ಹಿಡಿದು ಕೂತಿದ್ದಿ, ಕಣ್ಣು ಕುಂಕುಮದ ಹಾಗೆ ಕೆಂಪು, ವಾಂತಿ. ಸುಮತಿ ಆಟೋದಲ್ಲಿ ಕರ್ಕೊಂಡು ಹೋದಳು. ಪೊರೆ ಹಣ್ಣಾಗಿ ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತಿದೆ, ಮೊದಲೇ ಬಂದಿದ್ರೆ ಉಳೀತಿತ್ತು — ಅಂತ ಡಾಕ್ಟರು ಹೇಳಿದ್ದನ್ನು ಅವಳು ನನಗೆ ಹೇಳಿದಳು. ನನ್ನ ಮುಖ ನೋಡ್ತಾನೇ ಹೇಳಿದಳು. "ನೀವು ಎಷ್ಟು ಹೇಳಿದ್ರೂ ಕೇಳಲಿಲ್ಲ ಅಲ್ವಾ ಮಾಮಾ" ಅಂತ ಅತ್ತಳು. ನಾನು ಹೂಂ ಅಂದೆ.

ಹೂಂ ಅಂದೆ ಸುಬ್ರಾಯಾ.

ಅವಳು ನಿನ್ನನ್ನು ತನ್ನ ಮನೆಗೆ ಕರ್ಕೊಂಡು ಹೋದಳು. ಈಗ ನಿನಗೆ ಬೆಳಕೂ ಇಲ್ಲ. ಆದ್ರೂ ಚಳಿಗಾಲ ಬಂದ ಕೂಡಲೇ ನಾಲ್ಕು ಗಂಟೆಗೆ ಫೋನ್ ಮಾಡ್ತಿ, ನಾನು ಕೂಗ್ತೇನೆ, ನೀನು ಉಸಿರು ಹಿಡಿದು ಕೇಳ್ತಿ. ಆ ಉಸಿರು ನನಗೆ ಇಲ್ಲಿ ಕೇಳ್ತದೆ. ದಿನದಲ್ಲಿ ನನ್ನ ಹತ್ತಿರ ಮಾತಾಡುವವ ನೀನೊಬ್ಬ. ಮೊನ್ನೆ ಫೋನ್ ಇಡುವಾಗ ಅಂದಿ, "ನೀನು ಇಲ್ದಿದ್ರೆ ನನಗೆ ಪ್ರಪಂಚವೇ ಕಾಣ್ತಿರಲಿಲ್ಲ ವಾಸೂ."

ಅದಾದ ಮೇಲೆ ನಾನು ಟೀವಿ ಸೌಂಡ್ ಇಟ್ಟಿಲ್ಲ.

ಹೋಟ್ಲಲ್ಲಿ ತಪ್ಪಿ ಕೂಗಿದ ದೋಸೆಯನ್ನು ನಾನೇ ತಿಂತಿದ್ದೆ. ಇದನ್ನು ನೀನು ತಿಂದಿ. ಇದನ್ನು ದೂರದಿಂದ ಕೂಗಿ ಕ್ಯಾನ್ಸಲ್ ಮಾಡುವ ಹಾಗಿಲ್ಲ, ಫೋನಿನಲ್ಲೂ ಇಲ್ಲ. ರೀತಿ ನಿನಗೂ ಗೊತ್ತುಂಟು.

ಓ, ಫೋನ್ ಬಂತು. ನಾಲ್ಕಾಯ್ತು.

ಟೊಪ್ಪಿ ಚೀಲಕ್ಕೆ ಹಾಕಿದ್ದೇನೆ. "ಇವತ್ತು ಫೋನಿನಲ್ಲಿ ಹೇಳುದಿಲ್ಲ, ಮನೆಗೇ ಬರ್ತೇನೆ, ಸುಮತಿಯನ್ನೂ ಕೂತ್ಕೊಳ್ಳಿಕ್ಕೆ ಹೇಳು" ಅಂತ ಅಷ್ಟೇ ಅಂತೇನೆ. ನೀನು ಖುಷಿಯಲ್ಲಿ ಒಗೆದ ಪಂಚೆ ಉಟ್ಟು ಕಾಯ್ತಿ, ಅದೂ ಗೊತ್ತುಂಟು ನನಗೆ. ಬಂದು ನಿನ್ನ ಮುಖದ ಎದುರು ತಲೆ ಹಾಕಿ ಹೇಳ್ತೇನೆ — ನಾನು ತಪ್ಪಿ ಕೂಗಿದೆ.