ಕಾದಲೋ ಕಾವಲೋ

ಹೆಂಡತಿಯ ಬೀರುವಿನ ಕೀಲಿಯನ್ನು ತಾನೇ ಬಚ್ಚಿಟ್ಟು, "ಪಾಪ, ನಿನಗೆ ಮರೆವು ಹೆಚ್ಚಾಗಿದೆ" ಎಂದು ಕನಿಕರಿಸುವ ಗಂಡನ ಕಥೆಯೊಂದು ಕಳೆದ ಚಳಿಗಾಲದಲ್ಲಿ ನನ್ನ ಕೈಗೆ ಬಂತು. ರೋಚಕ ಕಾದಂಬರಿಗಳನ್ನು ನಾನು ಓದುವವಳಲ್ಲ. ಆದರೆ ಆಗಷ್ಟೇ ಗಡಿಯಾಚೆಯ ಮೂಕಂಡಪಲ್ಲಿಯಲ್ಲಿರುವ ಅಕ್ಕನ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಕೃಷ್ಣಗಿರಿಯ ತಮಿಳು ಹುಡುಗನೊಬ್ಬನನ್ನು ಅವಳೇ ಮೆಚ್ಚಿದ್ದಳು. ಕಾರ್ಖಾನೆಯ ಶಿಫ್ಟ್ ಮುಗಿಸಿ ಅವಳು ಎಲ್ಲಿ ಬಸ್ಸು ಹತ್ತಿದಳು, ಎಲ್ಲಿ ಇಳಿದಳು ಎಂಬುದೆಲ್ಲ ಅವನ ಫೋನಿನಲ್ಲಿ ಕಾಣುತ್ತಿತ್ತು. ಟೀ ಕುಡಿಯಲು ನಿಂತರೂ ಕರೆ ಬರುತ್ತಿತ್ತು. ಇದು ನಿಗಾ, ನಿಗಾ ಎಂಬುದು ದೌರ್ಜನ್ಯದ ಮೊದಲ ಮೆಟ್ಟಿಲು ಎಂದು ನಾನು ವಿವರಿಸಿದಾಗಲೆಲ್ಲ ಅವಳು ಆಕಳಿಸುತ್ತಿದ್ದಳು. ನನ್ನ ಉಪನ್ಯಾಸಕ್ಕೆ ಆಗದ್ದು ಕಾದಂಬರಿಗೆ ಆದೀತೆಂದು, ಭಾನುವಾರ ಮಧ್ಯಾಹ್ನಗಳಲ್ಲಿ ಅದನ್ನು ಗಟ್ಟಿಯಾಗಿ ಓದತೊಡಗಿದೆ.

ಕೇಳುವವರು ಅವಳು, ಅಕ್ಕ, ಮತ್ತು ಡೆಂಕಣಿಕೋಟೆ ಕಡೆಯ ಊರಿನಿಂದ ಬಂದಿದ್ದ ನಮ್ಮವ್ವ. ಅವ್ವನ ಕಿವಿ ಕೊಂಚ ಮಂದ. ಮೂವರ ನಡುವೆ ನೆನೆಸಿದ ಅವರೆಕಾಳಿನ ಪಾತ್ರೆ. ಹಿದುಕಿದ ಬೇಳೆ ಆಗಾಗ ಚಿಮ್ಮಿ ನನ್ನ ಪುಟದ ಮೇಲೇ ಬೀಳುತ್ತಿತ್ತು.

"ಕೀಲಿ ಸೊಂಟಕ್ಕೆ ಸಿಗಿಸ್ಕೊಂಡಿದ್ರೆ ಮೊದಲ್ನೇ ಪುಟದಾಗೇ ಕತೆ ಮುಗೀತಿತ್ತು" ಎಂದಳು ಅವ್ವ.

"ಅವ್ವಾ, ನೊಂದವಳನ್ನೇ ದೂಷಿಸುವುದು ಅನ್ಯಾಯ."

"ದೂಷ್ಸಿಲ್ಲ ಕಣೇ. ಸಿಗಿಸ್ಕೊ ಅಂದೆ."

ಇಷ್ಟಾದರೂ ನನ್ನ ಭರವಸೆಯೆಲ್ಲ ಕೊನೆಯ ಅಧ್ಯಾಯದ ಮೇಲಿತ್ತು. ಅದು ನನ್ನ ಕೈಬಿಟ್ಟಿತು. ಗಂಡ ಎಲ್ಲವನ್ನೂ ಅತಿಯಾದ ಪ್ರೀತಿಯಿಂದ ಮಾಡಿದ್ದನಂತೆ; ಹೆಂಡತಿ ಅತ್ತು ಕ್ಷಮಿಸಿ, ಕೀಲಿಗೊಂಚಲನ್ನು ಅವನ ಕೈಗೇ ಒಪ್ಪಿಸಿದಳಂತೆ. ದೌರ್ಜನ್ಯಕ್ಕೆ ಪ್ರೀತಿಯ ಮುಸುಕು ಹೊದಿಸುವ ಇಂಥ ಸಾಹಿತ್ಯವನ್ನು ಖಂಡಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಗೆದ್ದವಳಂತೆ ನಕ್ಕಳು.

"ನೋಡ್ದಾ ಚಿಕ್ಕಿ? ಇವ್ರೂ ಅಷ್ಟೇ. ಯಾಕೆ ಫೋನಲ್ಲಿ ನನ್ನೇ ನೋಡ್ತಾ ಇರ್ತೀಯ ಅಂದ್ರೆ, ಎಲ್ಲಾಂ ಕಾದಲ್ ಅಂತಾರೆ."

"ಕಾವ್ಲಾ?" ಅವ್ವ ತಲೆಯೆತ್ತಿದಳು. "ನಿನ್ನೇನು ಆನೆ ಮೇಯ್ತದಾ? ನಾವೂ ಅಟ್ಟಣೆ ಮ್ಯಾಲೆ ಕುಂತು ರಾಗಿ ಕಾದೋರೇ ಕಣಮ್ಮಿ. ರಾಗಿ ಕುಯ್ದ್ಮೇಲೆ ಇಳ್ದು ಮನೆಗೆ ಬತ್ತಿದ್ವಿ. ಇವ್ನು ಯಾವಾಗ ಇಳೀತಾನಂತೆ?"

"ಅಯ್ಯೋ, ಕಾವ್ಲಲ್ಲಜ್ಜೀ, ಕಾದಲ್! ಪ್ರೀತಿ!"

"ಅದೇ ಕಣೇ. ಯಾವಾಗ ಇಳೀತಾನೆ?"

ಅಕ್ಕ ಬಿದ್ದು ಬಿದ್ದು ನಕ್ಕಳು. ಹುಡುಗಿಯೂ ನಕ್ಕಳು, ಆಮೇಲೆ ಪಾತ್ರೆಯಲ್ಲಿ ಕೈಯಿಟ್ಟುಕೊಂಡೇ ಪಕ್ಕದಲ್ಲಿದ್ದ ಫೋನಿನತ್ತ ನೋಡಿದಳು.

ಅಷ್ಟರಲ್ಲಿ ಅವನದೇ ಕರೆ. ಒದ್ದೆ ಕೈಯಾದ್ದರಿಂದ ಅವಳು ಸ್ಪೀಕರ್ ಒತ್ತಿದಳು. ಬೆಳಗಿನಿಂದ ಒಂದೇ ಕಡೆ ಇದ್ದೀಯಲ್ಲ, ಏಕೆ ಎಂಬುದು ಅವನ ಪ್ರಶ್ನೆ. ಅವಳು ತಮಿಳಿನಲ್ಲಿ ಹೇಳಿದ್ದಿಷ್ಟು: ಅವರೆಕಾಳು ಹಿದುಕುತ್ತಿದ್ದೇನೆ. ಇನ್ನು ಮೇಲೆ ನಾನೆಲ್ಲಿದ್ದೇನೆಂದು ಫೋನು ಹೇಳುವುದಿಲ್ಲ. ಹೇಳಬೇಕೆನಿಸಿದಾಗ ನಾನೇ ಹೇಳುತ್ತೇನೆ. ಇದಕ್ಕೆ ಒಪ್ಪಿದರೆ ಮದುವೆ.

ಅಕ್ಕನ ನಗು ನಿಂತಿತು. ಕೊನೆಗೆ ಆ ಕಡೆಯಿಂದ ಒಂದು "ಸರಿ" ಕೇಳಿಸಿತು. ಅವಳು ಕರೆ ಮುಗಿಸಿ, ಒದ್ದೆ ಬೆರಳಿನಿಂದಲೇ ತಾನಿರುವ ಜಾಗ ತೋರಿಸುವ ಆ ಏರ್ಪಾಡನ್ನು ನಿಲ್ಲಿಸಿದಳು.

"ಇದು ಬರಿಯ ಒಪ್ಪಿಗೆ" ಎಂದೆ ನಾನು. "ಪಶ್ಚಾತ್ತಾಪ ಇದರಲ್ಲಿ ಎಲ್ಲಿದೆ?"

"ಮದ್ವೆ ಆಗೋಳು ನೀನಾ?" ಅಕ್ಕ ಪಾತ್ರೆಯನ್ನು ನನ್ನ ಮುಂದಕ್ಕೆ ತಳ್ಳಿದಳು. "ಪುಸ್ತಕ ಮುಗೀತಲ್ಲ, ಇನ್ನಾದ್ರೂ ಕಾಳು ಹಿದುಕು."